ಇಸಿಜಿ ನಾರ್ಮಲ್ ಬಂತು ಅಂತ ರೇಸಿಗೆ ಇಳಿಯಬೇಡಿ

50 ದಾಟಿದ ಮೇಲೂ ಮಾಸ್ಟರ್ಸ್ ಸ್ಪರ್ಧೆಗೆ ಈಜುವ ಹುಬ್ಬಳ್ಳಿ-ಧಾರವಾಡದ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಣ್ಣನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅಣ್ಣ ಕಾಲೇಜು ದಿನಗಳಿಂದ ಈಜುಗಾರ. ಸಿಗರೇಟು ಇಲ್ಲ, ಹೊಟ್ಟೆ ಬಂದಿಲ್ಲ. ಆದರೆ 200 ಮೀಟರ್ ಫ್ರೀಸ್ಟೈಲ್‌ನ ಕೊನೆಯ ಲ್ಯಾಪಿಗೆ ಬಂದಾಗಲೆಲ್ಲ ಎಡಭುಜ, ದವಡೆ ಜಗ್ಗಿದಂತಾಗುತ್ತಿತ್ತು. ಗೋಡೆ ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಮಾಯ. "ಭುಜ ಹಿಡಿದೈತಿ, ಎಣ್ಣಿ ಹಚ್ಚಿ ತಿಕ್ಕರಿ" ಅಂದರು ಜೊತೆಗಾರರು. ಸ್ಪರ್ಧೆಗೆ ಫಿಟ್‌ನೆಸ್ ಸರ್ಟಿಫಿಕೇಟು ಬೇಕಿತ್ತು. ಕ್ಲಿನಿಕ್ಕೊಂದರಲ್ಲಿ ಮಲಗಿಸಿ ಇಸಿಜಿ ತೆಗೆದರು, ಬಿಪಿ ನೋಡಿದರು. ನೋವಿನ ವಿಷಯ ಹೇಳಿದರೆ, "ಗ್ಯಾಸ್ ಇರತೈತಿ ಬಿಡ್ರಿ, ಇಸಿಜಿ ನಾರ್ಮಲ್ ಐತಿ" ಅಂತ ಗುಳಿಗೆ ಬರೆದು ಸಹಿ ಹಾಕಿಕೊಟ್ಟರು. ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಡಿಸೆಂಬರಿನ ಒಂದು ಮುಂಜಾನೆ ಸ್ಪ್ರಿಂಟ್ ಮುಗಿಸಿ ಮೇಲೆ ಬಂದವನು ಕೊಳದ ಅಂಚಿನಲ್ಲೇ ಕುಸಿದ. ಲೈಫ್‌ಗಾರ್ಡ್ ಹುಡುಗನಿಗೆ ಸಿಪಿಆರ್ (ನಿಂತ ಹೃದಯಕ್ಕೆ ಎದೆ ಒತ್ತಿ ಮಾಡುವ ತುರ್ತು ಉಪಚಾರ) ಬರುತ್ತಿತ್ತು, ಅಣ್ಣ ಉಳಿದ. ಆಂಜಿಯೋಗ್ರಾಂ ಮಾಡಿದಾಗ ಹೃದಯದ ಮುಖ್ಯ ರಕ್ತನಾಳ ಬಹುಪಾಲು ಮುಚ್ಚಿತ್ತು. ಸ್ಟೆಂಟ್ ಹಾಕಿದರು.

ಮಲಗಿದ್ದಾಗ ಹೃದಯಕ್ಕೆ ಬೇಕಾಗುವುದು ಕಡಿಮೆ ರಕ್ತ, ಕಿರಿದಾದ ನಾಳವೂ ಅಷ್ಟನ್ನು ಹೇಗೋ ಪೂರೈಸುತ್ತದೆ. ವೇಗ ಏರಿದಾಗ ಸಾಲುವುದಿಲ್ಲ, ನೋವು ಬರುತ್ತದೆ. ಮಲಗಿಸಿ ತೆಗೆದ ಇಸಿಜಿ ನಂಬಿ ರೇಸಿಗೆ ಇಳಿಯುವುದೆಂದರೆ, ಮನೆ ಮುಂದೆ ಗಾಡಿ ಚಾಲೂ ಮಾಡಿ ನೋಡಿ ಅರಬೈಲು ಘಟ್ಟ ಹತ್ತುತ್ತದೆ ಅಂದ ಹಾಗೆ. ನೀರಿನಲ್ಲಿ ಭಾರ ಇನ್ನೂ ಹೆಚ್ಚು: ನೀರಿನ ಒತ್ತಡ ಕೈಕಾಲಿನ ರಕ್ತವನ್ನು ಎದೆಯತ್ತ ತಳ್ಳುತ್ತದೆ, ತಣ್ಣೀರು ನಾಳಗಳನ್ನು ಬಿಗಿಸಿ ಬಿಪಿ ಏರಿಸುತ್ತದೆ. ಕೈಗಡಿಯಾರ ತೋರಿಸುವ ಹಾರ್ಟ್‌ರೇಟ್ ನೀರೊಳಗೆ ನಂಬುವಂಥದ್ದಲ್ಲ.

ಶ್ರಮಪಟ್ಟಾಗ ಬಂದು, ನಿಂತಾಗ ಹೋಗುವ ನೋವು ದವಡೆಯಲ್ಲಿರಲಿ, ಭುಜದಲ್ಲಿರಲಿ, ಎದೆಯಲ್ಲಿರಲಿ, ಹೃದಯದ್ದಲ್ಲ ಅಂತ ಖಾತ್ರಿಯಾಗುವವರೆಗೆ ಈಜು ನಿಲ್ಲಿಸಿ. ಹೃದ್ರೋಗ ತಜ್ಞರಿಗೆ "ನಾನು ರೇಸ್ ಈಜುತ್ತೇನೆ" ಅಂತ ಬಿಡಿಸಿ ಹೇಳಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆಯುವ ಇಸಿಜಿ), ಎಕೋ (ಹೃದಯದ ಸ್ಕ್ಯಾನ್) ಬೇಕೇ ಅಂತ ಕೇಳಿ. ಟಿಎಂಟಿಯೂ ಎಲ್ಲವನ್ನೂ ಹಿಡಿಯುವುದಿಲ್ಲ, ಹಾಗಾಗಿ ನೋವು ಮುಂದುವರಿದರೆ ಮತ್ತೆ ಹೋಗಿ. ಎದೆ ಡವಡವ ಅಂತ ತಾಳ ತಪ್ಪಿದರೂ ತೋರಿಸಿ. ವರ್ಷಗಟ್ಟಲೆ ಕಠಿಣ ಅಭ್ಯಾಸ ಮಾಡಿದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತಾಳ ತಪ್ಪಿದ ಹೃದಯ ಬಡಿತ ಹೆಚ್ಚು ಕಾಣಿಸುತ್ತದೆ. ಒಬ್ಬರೇ ಈಜಬೇಡಿ. ಕೊಳದಲ್ಲಿ ಎಇಡಿ (ಕುಸಿದವರ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ) ಯಂತ್ರ ಇದೆಯೇ, ಸಿಪಿಆರ್ ಯಾರಿಗೆ ಬರುತ್ತದೆ ಅಂತ ಇವತ್ತೇ ವಿಚಾರಿಸಿ.

ಗದಗ, ಹಾವೇರಿ ಕಡೆಯವರೇ, ವಿಶ್ರಾಂತಿಯಲ್ಲೂ ಇಳಿಯದ ಎದೆನೋವು ಬಂದರೆ ಹುಬ್ಬಳ್ಳಿಗೇ ಹೋಗೋಣ ಅಂತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.