ಮನೆಯ ರೌಟರಿಗೆ ಪೈ-ಹೋಲ್ ಕಾವಲು: ಒಂದು ವರ್ಷ ಬಳಸಿದ ಮೇಲೆ

ನಮ್ಮ ರೌಟರಿನಲ್ಲಿಯೇ ಜಾಲತಾಣಗಳನ್ನು ತಡೆಯುವ ಸೌಲಭ್ಯವಿತ್ತಾದರೂ ಹತ್ತಾರು ಹೆಸರು ಸೇರಿಸುವಷ್ಟರಲ್ಲಿ ಅದರ ಪಟ್ಟಿ ಭರ್ತಿಯಾಗುತ್ತಿತ್ತು. ಯಾವುದು ತಡೆಯಲ್ಪಟ್ಟಿತು, ಯಾವುದು ನುಸುಳಿತು ಎಂಬ ಲೆಕ್ಕವಂತೂ ಸಿಗುತ್ತಲೇ ಇರಲಿಲ್ಲ. ಹೀಗಾಗಿ 512 ಎಂಬಿ ಮೆಮೊರಿಯ ಒಂದು ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ತಂದು, ಅದರಲ್ಲಿ ಜಾಹೀರಾತುಗಳನ್ನೂ ಬೇಡದ ತಾಣಗಳನ್ನೂ ತಡೆಯುವ ಪೈ-ಹೋಲ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ರೌಟರಿನ ಡಿಎಚ್‌ಸಿಪಿ (ಸಾಧನಗಳಿಗೆ ಜಾಲದ ವಿವರ ಹಂಚುವ ವ್ಯವಸ್ಥೆ) ಪುಟದಲ್ಲಿ ಡಿಎನ್ಎಸ್ ಸರ್ವರ್ (ತಾಣದ ಹೆಸರಿಗೆ ಅದರ ಅಂಕಿ ವಿಳಾಸ ಹೇಳುವ ಯಂತ್ರ) ಎಂದಿರುವಲ್ಲಿ ಪೈಯ ಐಪಿಯನ್ನು, ಅಂದರೆ ಅಂಕಿ ವಿಳಾಸವನ್ನು, ತುಂಬಿದೆ. ಮನೆಯ ಯಾವುದೇ ಸಾಧನ ತಡೆಪಟ್ಟಿಯಲ್ಲಿರುವ ಹೆಸರಿನ ವಿಳಾಸ ಕೇಳಿದರೆ ಪೈ-ಹೋಲ್ 0.0.0.0 ಎಂದು, ಎಲ್ಲಿಗೂ ತಲುಪಿಸದ ವಿಳಾಸವನ್ನು ಉತ್ತರಿಸುತ್ತದೆ, ಸಂಪರ್ಕ ಅಲ್ಲಿಗೇ ನಿಲ್ಲುತ್ತದೆ.

ಇದರ ನಿಜವಾದ ಹೆಚ್ಚುಗಾರಿಕೆ ಕಾಣುವುದು ಸಬ್‌ಡೊಮೇನ್‌ಗಳ (ಒಂದು ಡೊಮೇನ್, ಅಂದರೆ ತಾಣದ ಹೆಸರಿನ, ಆರಂಭಕ್ಕೆ ಇನ್ನೊಂದು ಪದ ಸೇರಿಸಿದ ಹೆಸರುಗಳ) ವಿಷಯದಲ್ಲಿ. ಮಗನ ಟ್ಯಾಬಿನಲ್ಲಿ ಒಂದು ಆಟದ ತಾಣವನ್ನು ತಡೆಯಲು ಮೊದಲ ದಿನ ಅದರ ಬರಿಯ ಹೆಸರನ್ನಷ್ಟೇ ಸೇರಿಸಿದ್ದೆ. ಅರ್ಧ ಗಂಟೆಯೊಳಗೆ ಅವನು ಅದೇ ಹೆಸರಿನ ಆರಂಭಕ್ಕೆ ಮೂರು ಡಬ್ಲ್ಯೂ (www) ಹಾಕಿ ಆಡುತ್ತಾ ಕುಳಿತಿದ್ದ. ಬರಿಯ ಹೆಸರು ಕೊಟ್ಟರೆ ಅದೊಂದನ್ನೇ ತಡೆಯುತ್ತದೆ, ವೈಲ್ಡ್‌ಕಾರ್ಡ್ ಎಂಬ ಚೌಕಕ್ಕೆ ಗುರುತು ಹಾಕಿದರೆ ಮಾತ್ರ ಅದರ ಎಲ್ಲ ಸಬ್‌ಡೊಮೇನ್‌ಗಳೂ ಸೇರುತ್ತವೆ ಎಂಬುದು ಆಗ ತಿಳಿಯಿತು. ಹಾಗೆ ಇಡಿಯಾಗಿ ತಡೆದ ಡೊಮೇನ್‌ನಲ್ಲಿಯೂ ಬೇಕಾದ ಒಂದು ಸಬ್‌ಡೊಮೇನ್ ಅನ್ನು ಅನುಮತಿಪಟ್ಟಿಗೆ ಸೇರಿಸಿ ಬಿಡಿಸಿಕೊಳ್ಳಬಹುದು. ಗುಂಪುಗಳನ್ನು ಮಾಡಿ ಈ ನಿರ್ಬಂಧವನ್ನು ಟ್ಯಾಬಿಗಷ್ಟೇ ಅನ್ವಯಿಸುವುದೂ ಸಾಧ್ಯ.

ಆದರೆ ಕಾವಲು ಬಿಗಿಯಾಗಲು ರೌಟರಿನ ಕಡೆಯ ಕೆಲಸವನ್ನೂ ಸರಿಯಾಗಿ ಮಾಡಬೇಕು. ಇರಲಿ ಎಂದು ಎರಡನೆಯ ಡಿಎನ್ಎಸ್ ಆಗಿ ಗೂಗಲ್‌ನ 8.8.8.8 ಕೊಟ್ಟಿದ್ದೆ, ಎರಡನೆಯದು ಮೊದಲನೆಯದು ಕೆಟ್ಟಾಗ ಮಾತ್ರ ಬಳಕೆಯಾಗುತ್ತದೆ ಎಂಬುದು ನನ್ನ ತಪ್ಪು ತಿಳಿವಳಿಕೆಯಾಗಿತ್ತು, ಏಕೆಂದರೆ ಸಾಧನಗಳು ತಮಗೆ ತೋಚಿದ್ದನ್ನು ಕೇಳುತ್ತವೆ. ಅದನ್ನು ಅಳಿಸಿದ ಮೇಲೂ ಒಂದು ಫೋನಿನಲ್ಲಿ ತಾಣ ತೆರೆಯುತ್ತಿತ್ತು: ರೌಟರು ಐಪಿವಿ6 (ಐಪಿ ವಿಳಾಸಗಳ ಹೊಸ ಪದ್ಧತಿ) ಮೂಲಕ ತನ್ನದೇ ಡಿಎನ್ಎಸ್ ವಿಳಾಸವನ್ನು ಹಂಚುತ್ತಿತ್ತು. ಆಂಡ್ರಾಯ್ಡ್ 9ರಿಂದೀಚಿನ ಫೋನುಗಳ ಪ್ರೈವೇಟ್ ಡಿಎನ್ಎಸ್, ಬ್ರೌಸರುಗಳ ಸೆಕ್ಯೂರ್ ಡಿಎನ್ಎಸ್, ವಿಪಿಎನ್ ಇವೆಲ್ಲವೂ ಹೊರಗಿನ ಡಿಎನ್ಎಸ್ ಅನ್ನು ಕೇಳಿ ಪೈ-ಹೋಲನ್ನು ದಾಟಿಹೋಗುವ ದಾರಿಗಳೇ. ಯೂಟ್ಯೂಬ್ ಜಾಹೀರಾತುಗಳೂ ನಿಲ್ಲುವುದಿಲ್ಲ. ಅವು ವಿಡಿಯೊ ಬರುವ ಡೊಮೇನ್‌ಗಳಿಂದಲೇ ಬರುತ್ತವೆ.

ಅಶ್ಲೀಲ ತಾಣಗಳನ್ನಷ್ಟೇ ತಡೆದರೆ ಸಾಕು ಎನ್ನುವವರಿಗೆ ಇಷ್ಟು ಪಾಡು ಬೇಕಿಲ್ಲ. ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ಆರಂಭಿಸಿದ, ಅಂಥ ತಾಣಗಳನ್ನು ತಾನೇ ತಡೆಯುವ 1.1.1.3 ಮತ್ತು 1.0.0.3 ಡಿಎನ್ಎಸ್ ವಿಳಾಸಗಳನ್ನು ರೌಟರಿನಲ್ಲಿ ತುಂಬಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಆದರೆ ಅಲ್ಲಿ ನಿಮ್ಮದೇ ಪಟ್ಟಿಗೆ ಅವಕಾಶವಿಲ್ಲ.

ಪೈ-ಹೋಲ್ ಹಾಕುವವರು ಕರೆಂಟಿನ ಯೋಚನೆಯನ್ನೂ ಮಾಡಿರಬೇಕು. ಪೈ ನಿಂತರೆ ರೌಟರಿನ ದೀಪಗಳೆಲ್ಲ ಹಸಿರಾಗಿದ್ದರೂ ಒಂದು ಪುಟವೂ ತೆರೆಯುವುದಿಲ್ಲ, ಮೇಲಿಂದ ಮೇಲೆ ಕರೆಂಟು ಹೋದರೆ ಮೆಮೊರಿ ಕಾರ್ಡು ಕೆಡುವ ಸಾಧ್ಯತೆಯೂ ಇದೆ. ಮಳೆಗಾಲದಲ್ಲಿ ಎರಡು ಸಲ ಮನೆಯವರಿಂದ ಬೈಸಿಕೊಂಡ ಮೇಲೆ ರೌಟರಿನ ಜೊತೆ ಪೈಯನ್ನೂ ಯುಪಿಎಸ್‌ಗೆ ಸಿಕ್ಕಿಸಿದ್ದೇನೆ.