ಬಿಯರ್ ಟ್ಯಾಂಕಿನಲ್ಲಿ ಕಾಫಿ ಹಣ್ಣು: ಸ್ಟೀಲ್ ಕೋನಿಕಲ್, ಪ್ಲಾಸ್ಟಿಕ್ ಕೋನಿಕಲ್, ನೀಲಿ ಡ್ರಮ್

ಬಿಯರ್ ಮಾಡುವವರ ಕೋನಿಕಲ್ ಟ್ಯಾಂಕ್ ಈಗ ಕಾಫಿ ತೋಟಗಳಿಗೂ ಬಂದಿದೆ. ತಳ ಲಾಳಿಕೆಯ ಹಾಗೆ ಚೂಪಾಗಿದ್ದು, ತುದಿಯಲ್ಲಿ ವಾಲ್ವ್ ಇರುತ್ತದಲ್ಲ, ಅದು. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಸ್ಪೆಷಾಲಿಟಿ ಕಾಫಿ (ರುಚಿಯಲ್ಲಿ ಮೇಲ್ದರ್ಜೆಯದು) ಮಾಡಲು ಹೊರಟವರು ಇವತ್ತಲ್ಲ ನಾಳೆ ಈ ಪ್ರಶ್ನೆಗೆ ಬಂದೇ ಬರುತ್ತಾರೆ: ಗಾಳಿಯಾಡದ ಹಾಗೆ ಹಣ್ಣು ಫರ್ಮೆಂಟ್ ಮಾಡುವುದಕ್ಕೆ, ಅಂದರೆ ಹುದುಗಿಸುವುದಕ್ಕೆ, ಯಾವ ಪಾತ್ರೆ ತೆಗೆದುಕೊಳ್ಳಬೇಕು? ಮಾರುವವರು ಹೊಳೆಯುವ ಸ್ಟೀಲ್ ಟ್ಯಾಂಕ್ ತೋರಿಸುತ್ತಾರೆ. ಪಕ್ಕದ ತೋಟದವರು ನೀಲಿ ಡ್ರಮ್ ಸಾಕು ಅನ್ನುತ್ತಾರೆ. ಆಲ್ದೂರಿನ ಹತ್ತಿರದ ನಮ್ಮ ತೋಟದಲ್ಲಿ ಎರಡನ್ನೂ ಬಳಸಿದ್ದೇವೆ. ಜೊತೆಗೆ ಒಳಗಿರುವುದು ಹೊರಗೆ ಕಾಣುವ ಪ್ಲಾಸ್ಟಿಕ್ ಕೋನಿಕಲ್ ಒಂದನ್ನೂ ಇಟ್ಟು ನೋಡಿದ್ದೇವೆ. ಮೂರಕ್ಕೂ ಹಾಕಿದ್ದು ಒಂದೇ ಬ್ಲಾಕಿನ ಎಸ್.795 ಅನ್ನುವ ಅರೇಬಿಕಾ ತಳಿಯ ಹಣ್ಣು.

ಇವನ್ನು ತಂದವರಿಗೆ ಬಿಯರನ್ನೂ ಮಾಡಿ ನೋಡೋಣ ಅನ್ನಿಸುವುದು ಸಹಜ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಹಾಗಾಗಿ ಇಲ್ಲಿ ಕಾಫಿ ಮಾತ್ರ.

ಬಿಯರಿನಲ್ಲಿ ಚೂಪು ತಳಕ್ಕೆ ಗಟ್ಟಿ ಕಾರಣ ಇದೆ. ಯೀಸ್ಟ್ ತನ್ನ ಕೆಲಸ ಮುಗಿಸಿ ಕೆಳಗೆ ಕೂರುತ್ತದೆ. ತಳ ಚಪ್ಪಟೆಯಾಗಿದ್ದರೆ ಆ ಗಸಿಯಿಂದ ಬಿಡಿಸಲು ಬಿಯರನ್ನೇ ಬೇರೆ ಪಾತ್ರೆಗೆ ಸಾಗಿಸಬೇಕು, ಆಗ ಗಾಳಿ ತಾಗಿ ರುಚಿ ಕೆಡುತ್ತದೆ. ತಳ ಚೂಪಾಗಿದ್ದರೆ ವಾಲ್ವ್ ತಿರುಗಿಸಿ ಗಸಿಯನ್ನಷ್ಟೇ ಹೊರಗೆ ಬಿಡಬಹುದು. ಬೇಕಿದ್ದರೆ ಆ ಯೀಸ್ಟನ್ನೇ ಹಿಡಿದಿಟ್ಟು ಮುಂದಿನ ಸಲಕ್ಕೆ ಬಳಸಬಹುದು. ಲಿಯೋಪೋಲ್ಡ್ ನಾಥನ್ ಎಂಬವರು 1908ರಲ್ಲಿ ಇಂಥ ಟ್ಯಾಂಕಿಗೆ ಪೇಟೆಂಟ್ ಪಡೆದರು. ಇವತ್ತು ದೊಡ್ಡ ಬ್ರುವರಿಗಳಲ್ಲಿ ಕಾಣುವ ಎತ್ತರದ ಟ್ಯಾಂಕುಗಳು ಅದೇ ಜಾತಿಯವು. ಒಟ್ಟಿನಲ್ಲಿ ಇದು ನೀರಿನಂಥ ಪದಾರ್ಥಕ್ಕೆ ಮಾಡಿದ ಪಾತ್ರೆ. ಕಾಫಿ ಹಣ್ಣು ನೀರಲ್ಲ ಅಲ್ವಾ? ಗಲಾಟೆಯೆಲ್ಲ ಅಲ್ಲಿಂದಲೇ ಶುರು.

ನಮ್ಮ ಸ್ಟೀಲ್ ಕೋನಿಕಲ್ ಸೆಕೆಂಡ್ ಹ್ಯಾಂಡ್. ಸುಮಾರು 120 ಲೀಟರ್ ಹಿಡಿಯುತ್ತದೆ, 304 ಗ್ರೇಡ್ ಸ್ಟೀಲು, ಕೆಳಗೆ 2 ಇಂಚಿನ ಬಟರ್‌ಫ್ಲೈ ವಾಲ್ವ್. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 45 ಸೆಂ.ಮೀ. ಅಗಲದ ಟ್ಯಾಂಕಿಗೆ 60 ಡಿಗ್ರಿಯ ಕೋನು (ಚೂಪು ತಳ) ಇಟ್ಟರೆ ಆ ಕೋನಿನ ಎತ್ತರವೇ 39 ಸೆಂ.ಮೀ. ಆಗುತ್ತದೆ. ಅಷ್ಟು ಎತ್ತರ ತಿಂದೂ ಅದು ಹಿಡಿಯುವುದು 20 ಲೀಟರ್ ಚಿಲ್ಲರೆ. ಅದರ ಕೆಳಗೆ ವಾಲ್ವ್, ವಾಲ್ವಿನ ಕೆಳಗೆ ಬಕೆಟ್ ಇಡಲು ಜಾಗ, ಅದಕ್ಕೆಂದೇ ಉದ್ದ ಕಾಲುಗಳು. ಟ್ಯಾಂಕಿನ ಬಾಯಿ ಎದೆಮಟ್ಟ ದಾಟುತ್ತದೆ. ಹಣ್ಣಿನ ಬುಟ್ಟಿಯನ್ನು ಅಲ್ಲಿಯವರೆಗೆ ಎತ್ತಿ ಸುರಿಯುವವರಿಗೇ ಗೊತ್ತು ಅದರ ಕಷ್ಟ.

ಸುರಿದಿದ್ದಾಯಿತು, ತೆಗೆಯುವುದು ಹೇಗೆ? ವಾಲ್ವ್ ತೆರೆದರೆ ರಸ ಬರುತ್ತದೆ, ಹಣ್ಣು ಬರುವುದಿಲ್ಲ. ಕೋನಿನ ತುದಿಯಲ್ಲಿ ಹಣ್ಣು ಒಂದಕ್ಕೊಂದು ಆನಿಕೊಂಡು ಕಮಾನು ಕಟ್ಟಿ ನಿಂತುಬಿಡುತ್ತದೆ. ಕೆಳಗಿನಿಂದ ಕಡ್ಡಿ ಹಾಕಿ ತಿವಿದರೆ ನಾಲ್ಕು ಹಣ್ಣು ಉದುರಿ ಮತ್ತೆ ಅದೇ ಕಥೆ. ಕೊನೆಗೆ ಮೇಲಿನಿಂದ ಬಗ್ಗಿ ಚೊಂಬಿನಲ್ಲಿ ತೋಡಬೇಕು. ನಮ್ಮಲ್ಲಿ ಕಣದ ಕೆಲಸ ನೋಡುವ ಅಕ್ಕ ಒಬ್ಬರು ಮೊದಲನೇ ಸಲವೇ ತೀರ್ಪು ಕೊಟ್ಟರು: "ಗೌಡ್ರೇ, ಇದರ ತಳಕ್ಕೆ ಕೈಯೂ ಎಟುಕಲ್ಲ, ಕಣ್ಣೂ ಎಟುಕಲ್ಲ." ಬಗ್ಗುವ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಹುದುಗುವಾಗ ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಟ್ಯಾಂಕಿನ ಒಳಗೇ ನಿಂತಿರುತ್ತದೆ. ಮುಚ್ಚಳ ತೆಗೆದ ತಕ್ಷಣ ತಲೆ ಒಳಗೆ ಹಾಕಬಾರದು. ಬಾಗಿಲು ಮುಚ್ಚಿದ ಪಲ್ಪರ್ ಮನೆಯಲ್ಲಂತೂ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮನೆ) ಖಂಡಿತ ಬೇಡ.

ರುಚಿಯ ವಿಷಯ ಇದಕ್ಕಿಂತ ಮುಖ್ಯ. ಹಣ್ಣಿನಿಂದ ಇಳಿದ ರಸವೆಲ್ಲ ಕೋನಿನಲ್ಲಿ ಸೇರುತ್ತದೆ. ಅಲ್ಲಿರುವ ಹಣ್ಣು ಹುಳಿರಸದಲ್ಲಿ ಮುಳುಗಿರುತ್ತದೆ, ಮೇಲಿನದು ಒಣಗಿದಂತೆ ಕೂತಿರುತ್ತದೆ. ಒಂದೇ ಟ್ಯಾಂಕಿನಲ್ಲಿ ಎರಡು ಬಗೆಯ ಕಾಫಿ! ಕೆಳಗಿನದರ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಇದು ಇಳಿಯುತ್ತದೆ) 4ಕ್ಕಿಂತ ಇಳಿದಿದ್ದರೂ ಮೇಲಿನದು ಇನ್ನೂ ಹಿಂದೆಯೇ ಇರುತ್ತದೆ. ತಳದ ಹಣ್ಣನ್ನು ಬೇರೆ ಒಣಗಿಸಿ, ಹುರಿದು, ಕುಡಿದು ನೋಡಿದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬೆಳಿಗ್ಗೆ ಸಂಜೆ ರಸ ಬಸಿಯುತ್ತಾ ಬಂದರೆ ಈ ವ್ಯತ್ಯಾಸ ಎಷ್ಟೋ ಕಡಿಮೆಯಾಗುತ್ತದೆ. ಬಸಿಯಲು ವಾಲ್ವ್ ಇರುವುದೇನೋ ಒಳ್ಳೆಯದೇ, ಆದರೆ ಅದಕ್ಕೆ ಹತ್ತು ರೂಪಾಯಿಯ ನಲ್ಲಿಯೂ ಸಾಕಿತ್ತು.

ಹಾಗಾದರೆ ಸ್ಟೀಲ್ ಕೋನಿಕಲ್ ದಂಡವೇ? ಇಲ್ಲ. ಪಲ್ಪ್ ಮಾಡಿದ ಕಾಫಿಗೆ ಅದು ಬೇರೆಯೇ ಪಾತ್ರೆಯಾಗಿಬಿಡುತ್ತದೆ. ಸಿಪ್ಪೆ ಬಿಡಿಸಿದ, ಲೋಳೆ ಅಂಟಿದ ಬೀಜವನ್ನು ನೀರಿನ ಜೊತೆ ಹಾಕಿ ಯೀಸ್ಟ್ ಕೊಟ್ಟಾಗ ಈ ಟ್ಯಾಂಕಿನ ಬೆಲೆ ತಿಳಿಯುತ್ತದೆ. ಎಲ್ಲವೂ ನೀರಿನಲ್ಲಿರುವುದರಿಂದ ಮೇಲೆ ಕೆಳಗೆ ಅನ್ನುವ ಭೇದ ಕಡಿಮೆ. ಲೋಳೆ ಕರಗಿದ ನೀರನ್ನು ಕೆಳಗಿನಿಂದ ಬಿಟ್ಟು ಮೇಲಿನಿಂದ ಹೊಸ ನೀರು ಕೊಟ್ಟರೆ ತೊಳೆಯುವ ಅರ್ಧ ಕೆಲಸ ಅಲ್ಲೇ ಮುಗಿಯಿತು. ಮೇಲಿನಿಂದ ಕೋಲಿನಲ್ಲಿ ಕಲಕುತ್ತಿದ್ದರೆ ಬೀಜವೂ ನೀರಿನ ಜೊತೆ 2 ಇಂಚಿನಲ್ಲೇ ಇಳಿಯುತ್ತದೆ, ಒಮ್ಮೊಮ್ಮೆ ಮುನಿಸಿಕೊಂಡರೂ. ಸಿಮೆಂಟ್ ತೊಟ್ಟಿಯಲ್ಲಿ ಅರೇಬಿಕಾ ಲೋಳೆ ಬಿಡಲು ಸಾಮಾನ್ಯವಾಗಿ 24ರಿಂದ 36 ಗಂಟೆ ಹಿಡಿಯುತ್ತದೆ. ಟ್ಯಾಂಕಿನಲ್ಲಿ ನಾವು ಅದಕ್ಕಿಂತ ಜಾಸ್ತಿ ಹೊತ್ತು ಧೈರ್ಯವಾಗಿ ಬಿಡುತ್ತೇವೆ. ಗಾಳಿ ಇಲ್ಲದ್ದರಿಂದ ವಿನೆಗರ್ ಹುಳಿ ಬೇಗ ಹುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಕುಡಿದ ವಾಶ್ಡ್ ಕಾಫಿಗಳಲ್ಲಿ ಅತ್ಯಂತ ಶುಭ್ರವಾದದ್ದು ಈ ಟ್ಯಾಂಕಿನಿಂದಲೇ ಬಂದಿದೆ.

ಚಳಿಯ ಮಾತು ಬಿಡುವ ಹಾಗಿಲ್ಲ. ಬಿಯರಿಗೆ ತಂಪು ಬೇಕು. ಏಲ್ ಅನ್ನುವ ಜಾತಿಗೆ 18–20 ಡಿಗ್ರಿ, ಲಾಗರಿಗೆ 10–12. ಅದಕ್ಕೇ ಇಂಥ ಟ್ಯಾಂಕುಗಳ ಜೊತೆ ತಂಪು ಮಾಡುವ ಸುರುಳಿ, ಜಾಕೆಟ್ ಎಲ್ಲ ಮಾರುತ್ತಾರೆ. ಅರೇಬಿಕಾ ಕುಯ್ಲಿನ ಡಿಸೆಂಬರ್ ರಾತ್ರಿಗಳಲ್ಲಿ ನಮಗೆ ಬೇಕಿರುವುದು ಅದರ ಉಲ್ಟಾ. ಸ್ಟೀಲ್ ಬೇಗ ತಣ್ಣಗಾಗುತ್ತದೆ, ಬೆಳಗಿನ ಜಾವ ಹುದುಗು ನಿಂತೇ ಹೋಗಿರುತ್ತದೆ. ಗೋಣಿಚೀಲ ಸುತ್ತಿ ಹಗ್ಗ ಕಟ್ಟಿದ ಮೇಲೆ ಆ ಹೊಳೆಯುವ ಟ್ಯಾಂಕಿನ ಚೆಂದ ಯಾರಿಗೆ ಕಾಣಬೇಕು? ಕೂಲಿಂಗ್ ಸುರುಳಿಗೆ ದುಡ್ಡು ಕೊಡಬೇಡಿ. ದಪ್ಪ ಪ್ಲಾಸ್ಟಿಕ್ ಡ್ರಮ್ ಇಷ್ಟು ಬೇಗ ಚಳಿ ಹಿಡಿಯುವುದಿಲ್ಲ.

ಪ್ಲಾಸ್ಟಿಕ್ ಕೋನಿಕಲ್ ಬಗ್ಗೆ ಹೇಳುವುದು ಕಡಿಮೆ. ಪೆಟ್ ಪ್ಲಾಸ್ಟಿಕ್, 55 ಲೀಟರ್, ಕೆಳಗೆ ಬಿಚ್ಚಿ ತೆಗೆಯುವ ಜಾಡಿ. ಹಣ್ಣು ಹಾಕಿದರೆ ಮೂವತ್ತು ಕೆ.ಜಿ. ಆಸುಪಾಸು. ಅರೇಬಿಕಾದಲ್ಲಿ ಐದೂವರೆ ಆರು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಕ್ಲೀನ್ ಕಾಫಿ (ಒಣಗಿಸಿ ಸಿಪ್ಪೆ ತೆಗೆದ ಬೀಜ) ಸಿಗುವುದು ತಾನೇ, ಹಾಗಾಗಿ ಇಷ್ಟೆಲ್ಲ ಮಾಡಿ ಕೈಗೆ ಬರುವುದು ಐದಾರು ಕೆ.ಜಿ. ಮಾರಾಟಕ್ಕೆ ಇದು ಆಗದ ಮಾತು. ಆದರೆ ಹೊಸ ಯೀಸ್ಟ್ ಪರೀಕ್ಷೆ ಮಾಡಲು, ಕಲಿಯಲು ಬಹಳ ಒಳ್ಳೆಯದು. ಗುಳ್ಳೆ ಏಳುವುದು, ಬಣ್ಣ ತಿರುಗುವುದು, ರಸ ಇಳಿಯುವುದು ಎಲ್ಲ ಕಣ್ಣೆದುರೇ ನಡೆಯುತ್ತದೆ. ಜಾಡಿಯಿಂದ ರಸ ತೆಗೆದು ಪಿಎಚ್, ಬ್ರಿಕ್ಸ್ (ಸಕ್ಕರೆಯ ಅಳತೆ) ನೋಡುವುದೂ ಸುಲಭ. ಕುದಿಯುವ ನೀರು ಮಾತ್ರ ತಾಗಿಸಬೇಡಿ, ಪೆಟ್ ಸೊಟ್ಟಗಾಗುತ್ತದೆ. ಒರಟು ಬ್ರಷ್ಷೂ ಬೇಡ. ಗೀರು ಬಿದ್ದರೆ ಆ ಗೀರಿನಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ.

ಇನ್ನು ನೀಲಿ ಡ್ರಮ್. 200 ಲೀಟರಿನದು, ಬಾಯಿ ಪೂರ್ತಿ ತೆರೆಯುವಂಥದ್ದು, ಮುಚ್ಚಳಕ್ಕೆ ಕ್ಲಾಂಪ್ ರಿಂಗ್ ಇರುವಂಥದ್ದು. ಬಾಯಿ ಸಣ್ಣದಿರುವ ಡ್ರಮ್ ಅಗ್ಗಕ್ಕೆ ಸಿಕ್ಕರೂ ಬೇಡ. ಮುಚ್ಚಳಕ್ಕೆ ತೂತು ಕೊರೆದು ರಬ್ಬರ್ ಬುಷ್ ಹಾಕಿ ಏರ್‌ಲಾಕ್ ಸಿಗಿಸಿದರೆ ಗ್ಯಾಸ್ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುವುದಿಲ್ಲ. ತಳದಲ್ಲಿ ಒಂದು ನಲ್ಲಿ. ಅದರ ಮೇಲೆ ತೂತಿನ ತಟ್ಟೆ. ನಾವು ತರಕಾರಿ ಕ್ರೇಟಿನ ತಳವನ್ನೇ ದುಂಡಗೆ ಕತ್ತರಿಸಿ ಇಟ್ಟಿದ್ದೇವೆ. ರಸ ತಟ್ಟೆಯ ಕೆಳಗೆ, ಹಣ್ಣು ಮೇಲೆ. ಕೋನಿನಲ್ಲಿ ಆಗುತ್ತಿದ್ದ ಎರಡು ಬಗೆಯ ಕಾಫಿ ಇಲ್ಲಿ ಆಗುವುದಿಲ್ಲ. ತಲೆಯ ಹತ್ತಿರ ಸ್ವಲ್ಪ ಜಾಗ ಬಿಟ್ಟು ತುಂಬಿದರೆ ಸುಮಾರು 120 ಕೆ.ಜಿ. ಹಣ್ಣು ಹಿಡಿಯುತ್ತದೆ, ಅಂದರೆ 20 ಕೆ.ಜಿ. ಕ್ಲೀನ್ ಕಾಫಿ. ಹೊರಗೆ ತೆಗೆಯಲು ಇಬ್ಬರು ಸೇರಿ ಟಾರ್ಪಾಲಿನ ಮೇಲೆ ಉರುಳಿಸಿದರೆ ಆಯಿತು. ರಸ ಎಲ್ಲ ಹಣ್ಣಿಗೂ ತಾಗಬೇಕು ಅನ್ನಿಸಿದರೆ ಏರ್‌ಲಾಕ್ ತೆಗೆದು ಬಿರಡೆ ಹಾಕಿ, ಡ್ರಮ್ ಅಡ್ಡ ಮಲಗಿಸಿ ನಾಲ್ಕು ಸುತ್ತು ಉರುಳಿಸಿ, ತಕ್ಷಣ ಎತ್ತಿ ನಿಲ್ಲಿಸಿ ಏರ್‌ಲಾಕ್ ವಾಪಸ್ ಹಾಕಿ. ಸ್ಟೀಲ್ ಕೋನಿಕಲ್ಲಿಗೆ ಈ ಸುಖ ಇಲ್ಲ.

ಬೆಲೆಯಲ್ಲಂತೂ ಹೋಲಿಕೆಯೇ ಬೇಡ. ಅಂಥ ಒಂದು ಹೊಸ ಸ್ಟೀಲ್ ಟ್ಯಾಂಕಿನ ದುಡ್ಡಿಗೆ ತೋಟದ ತುಂಬ ಡ್ರಮ್ ಬರುತ್ತದೆ.

ಡ್ರಮ್ಮಿನ ದೊಡ್ಡ ದೋಷ ವಾಸನೆ. ಪ್ಲಾಸ್ಟಿಕ್ ವಾಸನೆ ಹೀರುತ್ತದೆ, ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ಒಮ್ಮೆ ವಿನೆಗರ್ ಆದ ಡ್ರಮ್ಮನ್ನು ನಾವು ಮತ್ತೆ ಕಾಫಿಗೆ ಬಳಸುವುದಿಲ್ಲ, ಅದು ಗೊಬ್ಬರಕ್ಕೆ ಹೋಗುತ್ತದೆ. ಹಳೇ ಡ್ರಮ್ ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ. ಮಾವಿನ ತಿರುಳು, ಗ್ಲೂಕೋಸ್ ಸಿರಪ್ ಬಂದ ಡ್ರಮ್ ಆದರೆ ಸರಿ. ಕೆಮಿಕಲ್ ಬಂದದ್ದನ್ನು ಸುಮ್ನೆ ಕೊಟ್ಟರೂ ಮುಟ್ಟಬೇಡಿ.

ಸ್ಟೀಲು ವಾಸನೆ ಹಿಡಿಯುವುದಿಲ್ಲ, ನಿಜ. ಆದರೆ ಅದನ್ನು ಹಾಳು ಮಾಡುವ ವಸ್ತು ನಮ್ಮ ಪ್ರತಿ ತೋಟದಲ್ಲೂ ಇದೆ: ಬ್ಲೀಚಿಂಗ್ ಪೌಡರ್. ಕ್ಲೋರಿನ್ ತಾಗಿದರೆ 304 ಸ್ಟೀಲಿನಲ್ಲೂ ಸೂಜಿಮೊನೆಯಂಥ ಕುಳಿ ಬೀಳುತ್ತದೆ. ವಾಷಿಂಗ್ ಸೋಡಾ ಹಾಕಿದ ಬಿಸಿನೀರು, ಆಮೇಲೆ ಸಿಟ್ರಿಕ್ ಆಮ್ಲ, ಇಷ್ಟರಲ್ಲಿ ಮುಗಿಸಿ. ಊರಲ್ಲೇ ಟ್ಯಾಂಕ್ ಮಾಡಿಸುವವರು ಗ್ರೇಡ್ ಬಗ್ಗೆ ಹುಷಾರಾಗಿರಬೇಕು. 202 ಗ್ರೇಡ್ ಅಗ್ಗ, ನೋಡಲು 304 ಥರವೇ ಇರುತ್ತದೆ, ಹುಳಿಗೆ ಮಾತ್ರ ಬೇಗ ತುಕ್ಕು ಹಿಡಿಯುತ್ತದೆ. ಮ್ಯಾಗ್ನೆಟ್ ಇಟ್ಟು ನೋಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಒಳಗಿನ ವೆಲ್ಡಿಂಗನ್ನು ಬೆರಳಾಡಿಸಿ ನೋಡಿ. ಒರಟಾಗಿದ್ದರೆ ಅಲ್ಲಿ ಲೋಳೆ ಕೂತು ಕೊಳೆಯುತ್ತದೆ.

ಯಾವುದು ಕೊಳ್ಳಲಿ ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು, ನೀವು ಮಾಡುವುದು ಇಡೀ ಹಣ್ಣೋ, ಪಲ್ಪ್ ಮಾಡಿದ್ದೋ? ಇಡೀ ಹಣ್ಣಾದರೆ ಡ್ರಮ್, ಕಣ್ಣು ಮುಚ್ಚಿಕೊಂಡು. ಉಳಿದ ದುಡ್ಡನ್ನು ಒಳ್ಳೆಯ ಪಿಎಚ್ ಮೀಟರಿಗೂ ಒಣಗಿಸುವ ಎತ್ತರದ ಬೆಡ್ಡುಗಳಿಗೂ ಹಾಕಿ. ಹುದುಗಿಸಿದ ಇಡೀ ಹಣ್ಣು ಒಣಗಲು ವಾರಗಳೇ ಬೇಕು. ಬೆಡ್ ಖಾಲಿ ಇಲ್ಲದಿದ್ದರೆ ಹಣ್ಣು ಟ್ಯಾಂಕಿನಲ್ಲೇ ಕಾಯುತ್ತಾ ಕೂರುತ್ತದೆ, ಆಮೇಲೆ ಟ್ಯಾಂಕ್ ಯಾವುದಾದರೇನು? ಪಲ್ಪ್ ಮಾಡಿ ಯೀಸ್ಟ್ ಹಾಕುವವರು ಕೋನಿಕಲ್ ತೆಗೆದುಕೊಳ್ಳಬಹುದು. ಬಿಯರಿನ ರೆಡಿಮೇಡ್ ಟ್ಯಾಂಕಿಗಿಂತ ಹಾಲಿನ ಡೈರಿಗಳಿಗೆ ಪಾತ್ರೆ ಮಾಡಿಕೊಡುವವರ ಹತ್ತಿರ ಮಾಡಿಸುವುದು ಉತ್ತಮ. ವಾಲ್ವ್ 2 ಇಂಚು ಬೇಡ, 4 ಇಂಚು ಹೇಳಿ. ಬಾಯಿ ಪೂರ್ತಿ ತೆರೆಯಬೇಕು. ಕಾಲು ಗಿಡ್ಡವಾಗಿರಲಿ, ಬಕೆಟ್ ಬದಲು ಕೆಳಗೆ ಚರಂಡಿಯ ಇಳಿಜಾರು ಮಾಡಿಕೊಳ್ಳಿ. ಆ ಚರಂಡಿ ಹಳ್ಳಕ್ಕೆ ಹೋಗದೆ ಗುಂಡಿಗೆ ಹೋಗಲಿ. ಪ್ರೆಶರ್ ತಡೆಯುವ ಮುಚ್ಚಳ, ಗೇಜು ಇವೆಲ್ಲ ಬಿಯರಿಗೆ ಗ್ಯಾಸ್ ಕೂರಿಸುವವರಿಗೆ. ನಮಗೆ ಏರ್‌ಲಾಕ್ ಸಾಕು.

ಮಾಡಿಸುವುದಾದರೆ ಆಗಸ್ಟ್‌ನಲ್ಲೇ ಆರ್ಡರ್ ಕೊಡಿ. ಮುಚ್ಚಳದ ಗ್ಯಾಸ್ಕೆಟ್ ಎರಡು ಜಾಸ್ತಿ ಕೇಳಿ ಇಸಿದುಕೊಳ್ಳಿ. ಕುಯ್ಲಿನ ಮಧ್ಯೆ ಅದು ಹರಿದರೆ ಆ ಅಳತೆಯದು ಚಿಕ್ಕಮಗಳೂರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.