ಕುದುರೆ ಬಿಲ್ಲೆಗಳು ಅಸಲಿ, ಚೀಟಿಗಳಲ್ಲ
ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಪಕ್ಕದ ಓಣಿಯಲ್ಲಿರುವ ಈ ಹಳೇ ಸಾಮಾನಿನ ಅಂಗಡಿಗೆ, ಎಸ್ಟೇಟ್ ಬಂಗಲೆಗಳಿಂದ ಬಂದ ದೀಪ, ಗಡಿಯಾರಗಳಿಗಾಗಿ ಹೋಗುವವರೇ ಹೆಚ್ಚು. ಅವು ಸಾಧಾರಣ, ಒಳಕೋಣೆಯಲ್ಲಿರುವ ಬ್ರಿಟಿಷ್ ಅಶ್ವದಳದ ಹಿತ್ತಾಳೆ ಬಿಲ್ಲೆಗಳಿಗಾಗಿ ಮಾತ್ರ ಈ ಅಂಗಡಿಯನ್ನು ಹುಡುಕಿಕೊಂಡು ಹೋಗಬಹುದು.

ಕಡಿವಾಣದಲ್ಲಿ ಕುದುರೆಯ ಬಾಯೊಳಗಿನ ಕಬ್ಬಿಣದ ಸರಳು ಪಕ್ಕದ ತೋಳುಗಳನ್ನು ಸೇರುವ ಜಾಗವನ್ನು ಮುಚ್ಚಲು, ಎಡಕ್ಕೊಂದು ಬಲಕ್ಕೊಂದರಂತೆ ಕೂಡಿಸುತ್ತಿದ್ದ ಉಬ್ಬು ಬಿಲ್ಲೆಗಳಿವು. ಅವುಗಳ ಮೇಲೆ ರೆಜಿಮೆಂಟಿನ ಲಾಂಛನವೋ, ಅರಸನ ಹೆಸರಿನ ಅಕ್ಷರಗಳೋ ಇರುತ್ತವೆ. ನನಗೆ ಹೆಚ್ಚು ಹಿಡಿಸಿದ್ದು ಭರ್ಜಿ ಹಿಡಿದ ಸವಾರರ ಪಡೆಯಾದ 17ನೇ ಲ್ಯಾನ್ಸರ್ಸ್ ದಳದ, ತಲೆಬುರುಡೆಯ ಲಾಂಛನವಿರುವ ಜೋಡಿ. ಅದರ ಅಂಚು ಬಳಕೆಯಿಂದ ಸವೆದು ನುಣುಪಾಗಿದೆ, ಹಿಂಬದಿಯ ಗುಳಿಯಲ್ಲಿ ಕಿಲುಬು ಹಾಗೆಯೇ ಉಳಿದಿದೆ, ಗೆರೆಗಳೂ ಸ್ಪಷ್ಟವಾಗಿವೆ. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡದಿರುವುದು ಮಾಲೀಕರ ವಿವೇಕ.

ಬಿಲ್ಲೆಗಳ ಕಾಲ, ಮೂಲ ಬರೆದು ಅವರು ಹಚ್ಚಿರುವ ಚೀಟಿಗಳ ಬಗ್ಗೆ ಈ ಮಾತು ಹೇಳಲಾಗದು. ‘1857ರ ದಂಗೆಯ ಕಾಲದ್ದು’ ಎಂದು ಬರೆದಿದ್ದ ಬಿಲ್ಲೆಯ ಮೇಲಿನ ಕಿರೀಟದ ಕಮಾನುಗಳು ನಡುವೆ ತಗ್ಗದೆ ದುಂಡಗೆ ಮೇಲೇರಿದ್ದವು; ಸೇನಾ ಲಾಂಛನಗಳಲ್ಲಿ ಈ ಬಗೆಯ ಕಿರೀಟ ಬಳಕೆಗೆ ಬಂದದ್ದು 1901ರಲ್ಲಿ ಏಳನೇ ಎಡ್ವರ್ಡ್ ಪಟ್ಟಕ್ಕೆ ಬಂದ ನಂತರ. ಇನ್ನೊಂದರಲ್ಲಿ 1952ರಲ್ಲಷ್ಟೇ ಪಟ್ಟಕ್ಕೆ ಬಂದ ರಾಣಿ ಎರಡನೇ ಎಲಿಜಬೆತ್ ಅವರ ಹೆಸರಿನ ಅಕ್ಷರಗಳಿದ್ದರೂ ಅದನ್ನು ಮೊದಲ ಮಹಾಯುದ್ಧಕ್ಕೆ ಸೇರಿಸಲಾಗಿತ್ತು. 1928ರಿಂದಲೇ ಬ್ರಿಟಿಷ್ ಅಶ್ವದಳಗಳು ಕುದುರೆ ಬಿಟ್ಟು ಕವಚವಾಹನ ಹತ್ತತೊಡಗಿದ್ದವು; ಆ ರಾಣಿಯ ಕಾಲದಲ್ಲಿ ಇಂಥ ಬಿಲ್ಲೆಗಳಿಗೆ ಉಳಿದಿದ್ದ ಕೆಲಸ ಅರಮನೆಯ ಮೆರವಣಿಗೆಯದ್ದು, ಯುದ್ಧದ್ದಲ್ಲ. ಗಾಡಿ ಎಳೆಯುವ ಕುದುರೆಗಳ ಎದೆಪಟ್ಟಿಗೆ ತೂಗುಹಾಕುತ್ತಿದ್ದ ಅರ್ಧಚಂದ್ರದ ಪದಕಗಳನ್ನೂ ಇಲ್ಲಿ ‘ಸೇನೆಯದು’ ಎಂದೇ ಇಟ್ಟಿದ್ದಾರೆ. ಹೇಳಿದರೆ ಮಾಲೀಕರು ಮುನಿಸಿಕೊಳ್ಳದೆ ಚೀಟಿ ಕೀಳುತ್ತಾರೆ, ಬೆಲೆಯನ್ನು ಮಾತ್ರ ಇಳಿಸುವುದಿಲ್ಲ.

ಹಳೇಬೀಡಿನ ಗುಡಿಯ ಪಟ್ಟಿಕೆಯಲ್ಲಿ ಸಾಲುಗಟ್ಟಿದ ಕುದುರೆಗಳನ್ನು ಕಂಡ ನಮ್ಮ ಕಡೆಯವರಿಗೆ ಕುದುರೆಯ ಒಡವೆ ಹೊಸದಲ್ಲ. ಈಗಿನ ಇಸ್ರೇಲಿನ ಹೈಫಾದಲ್ಲಿ 1918ರಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ದಳದ ಗಂಡಭೇರುಂಡದ ಬಿಲ್ಲೆಯೊಂದನ್ನು ಕೇಳಿದೆ, ಇರಲಿಲ್ಲ.

ಜೋಡಿಗೆ 4,500 ರೂಪಾಯಿ ಎನ್ನುತ್ತಾರೆ. ಸವೆದ ಜೋಡಿಗೆ ಅದು ನ್ಯಾಯವಾದ ಬೆಲೆ. ಬಿಡಿ ಬಿಲ್ಲೆಗೆ ಅದರರ್ಧ ಕೊಡುವುದು ದುಬಾರಿ. ಕೊಳ್ಳುವ ಮೊದಲು ಬಿಲ್ಲೆಯನ್ನು ಮಗುಚಿ, ಕಡಿವಾಣಕ್ಕೆ ಬಿಗಿಯಲು ಹಿಂಬದಿಯಲ್ಲಿರುವ ಕಿವಿಗಳು ಹಳೆಯವೇ ಅಥವಾ ಹೊಸದಾಗಿ ಬೆಸೆದವೇ ಎಂದು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಒಳಕೋಣೆಯ ದೀಪ ಬಹಳ ಮಂಕು.